ಡಾಕ್ಟರ್ ಸ್ಮಿತ್ ಬದುಕುಳಿದ ಬಗೆ

(ಹಳೆಯ ಟೀವಿ ಧಾರಾವಾಹಿಗಳ ಬಗ್ಗೆ ಗೆಳೆಯರು ಏರ್ಪಡಿಸಿದ್ದ ಒಂದು ಸಂಜೆ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ವಿಜ್ಞಾನ ಕಥೆಗಳ ಒಬ್ಬ ಖಳನಾಯಕನ ಬಗ್ಗೆ ಮಾತಾಡಬೇಕು ಅಂತ ಹೇಳಿದ್ದರು. ಮುಖವಾಡ ಹಾಕಿಕೊಂಡು ಬುಸುಗುಟ್ಟುವವರು, ಇಡೀ ಗ್ರಹಗಳನ್ನೇ ಸುಟ್ಟು ಹಾಕುವವರು ಬೇಕಾದಷ್ಟು ಜನ ಇದ್ದಾರೆ. ಅವರನ್ನೆಲ್ಲ ಬಿಟ್ಟು ನಾನು ಆರಿಸಿಕೊಂಡಿದ್ದು, ಬೆನ್ನು ನೋವು ಅಂತ ನೆಪ ಹೇಳಿ ಕೆಲಸ ತಪ್ಪಿಸಿಕೊಳ್ಳುವ ಒಬ್ಬ ಆಸಾಮಿಯನ್ನು. ಹೆಸರು ಡಾಕ್ಟರ್ ಜಾಕರಿ ಸ್ಮಿತ್. ಧಾರಾವಾಹಿ 'ಲಾಸ್ಟ್ ಇನ್ ಸ್ಪೇಸ್'.

ಇದು ಅಮೆರಿಕದ ಸಿಬಿಎಸ್ ಚಾನೆಲ್‌ನಲ್ಲಿ 1965ರ ಸೆಪ್ಟೆಂಬರ್ 15ರಂದು ಶುರುವಾಯಿತು. 1968ರ ಮಾರ್ಚ್‌ವರೆಗೆ ಮೂರು ಸೀಸನ್, ಒಟ್ಟು 83 ಕಂತು. ಮೊದಲ ಸೀಸನ್ ಕಪ್ಪುಬಿಳುಪು, ಆಮೇಲಿನ ಎರಡು ಕಲರ್. ನಿರ್ಮಾಪಕ ಅರ್ವಿನ್ ಆಲೆನ್. ಕಥೆ ನಡೆಯುವುದು 1997ರಲ್ಲಿ, ಅಂದರೆ ಆಗಿನ ಕಾಲಕ್ಕೆ ದೂರದ ಭವಿಷ್ಯ. ಭೂಮಿಯಲ್ಲಿ ಜನಸಂಖ್ಯೆ ಮಿತಿ ಮೀರಿದೆ. ರಾಬಿನ್ಸನ್ ಅನ್ನುವ ಒಂದು ಕುಟುಂಬವನ್ನು ಜ್ಯೂಪಿಟರ್ 2 ಎಂಬ ನೌಕೆಯಲ್ಲಿ ಕೂರಿಸಿ ಆಲ್ಫಾ ಸೆಂಟಾರಿಗೆ ಕಳಿಸುತ್ತಾರೆ. ಅಪ್ಪ, ಅಮ್ಮ, ಇಬ್ಬರು ಹೆಣ್ಣುಮಕ್ಕಳು, ವಿಲ್ ಎಂಬ ಹುಡುಗ, ಜೊತೆಗೆ ಮೇಜರ್ ವೆಸ್ಟ್ ಅನ್ನುವ ಪೈಲಟ್. ದಾರಿ ತಪ್ಪುತ್ತಾರೆ. ಕಥೆ ಅಷ್ಟೇ.

ಗಮ್ಮತ್ತಿನ ವಿಷಯ ಅಂದರೆ, ಚಾನೆಲ್‌ಗೆ ತೋರಿಸಲು ಮೊದಲು ತಯಾರಿಸಿದ ಪೈಲಟ್ ಕಂತಿನಲ್ಲಿ ಸ್ಮಿತ್ ಇರಲೇ ಇಲ್ಲ. ರೋಬೋಟ್ ಕೂಡ ಇರಲಿಲ್ಲ. ಉಲ್ಕೆಗಳು ಅಡ್ಡ ಬಂದವು, ನೌಕೆ ದಾರಿ ತಪ್ಪಿತು, ಒಂದು ಗ್ರಹದ ಮೇಲೆ ಬಿತ್ತು. ದೈತ್ಯ ಇದ್ದ, ಬಿರುಗಾಳಿ ಇತ್ತು, ಹೆಪ್ಪುಗಟ್ಟಿದ ಸಮುದ್ರ ಇತ್ತು. ಆದರೂ ಉಪ್ಪಿಲ್ಲದ ಸಾರಿನ ಹಾಗಿತ್ತು. ಯಾಕೆಂದರೆ ಈ ರಾಬಿನ್ಸನ್‌ಗಳು ಅತಿ ಒಳ್ಳೆಯವರು. ಒಬ್ಬರ ಮೇಲೊಬ್ಬರು ರೇಗುವುದೂ ಇಲ್ಲ. ಎಲ್ಲ ಅಪಾಯವೂ ಹೊರಗಿನಿಂದಲೇ ಬರಬೇಕು. ವಾರವಾರ ಹೊರಗಿನಿಂದ ಎಷ್ಟು ದೈತ್ಯರನ್ನು ಕರೆಸುತ್ತೀರಿ? ಕಥಾ ಸಂಪಾದಕ ಆಂಥನಿ ವಿಲ್ಸನ್, ನೌಕೆಯ ಒಳಗೇ ಒಬ್ಬ ಶತ್ರು ಇರಲಿ ಎಂದರು. ಹಾಗೆ ಹುಟ್ಟಿದವನು ಸ್ಮಿತ್.

ಮೊದಲ ಕಂತನ್ನು ಈಗ ಹಾಕಿ ನೋಡಿ. ಅಲ್ಲಿರುವ ಸ್ಮಿತ್ ನಿಮಗೆ ನಗು ತರಿಸುವುದಿಲ್ಲ. ಕರ್ನಲ್ ಸ್ಮಿತ್, ಸೇನೆಯ ಸಮವಸ್ತ್ರ, ನೆಟ್ಟಗಿನ ಬೆನ್ನು. ಪ್ರಯಾಣಿಕರ ಆರೋಗ್ಯ ತಪಾಸಣೆ ಮಾಡುವ ಡಾಕ್ಟರ್. ಒಳಗೊಳಗೆ ಶತ್ರು ದೇಶದ ಏಜೆಂಟ್. ಅಡ್ಡ ಬಂದ ಒಬ್ಬ ಕಾವಲುಗಾರನನ್ನು ಒಂದೇ ಏಟಿಗೆ ಕೆಡವುತ್ತಾನೆ, ಮುಖದ ಮೇಲೆ ಒಂದು ಗೆರೆ ಕೂಡ ಅಲುಗುವುದಿಲ್ಲ. ಆಮೇಲೆ ರೋಬೋಟ್ ಎದುರು ನಿಂತು, ಹೊರಟ ಎಂಟು ಗಂಟೆಗೆ ನೌಕೆಯನ್ನು ಧ್ವಂಸ ಮಾಡು ಅಂತ ತಣ್ಣಗೆ ಆಜ್ಞೆ ಕೊಡುತ್ತಾನೆ. ಒಳಗೆ ಮಕ್ಕಳು ಮಲಗಿರುತ್ತಾರೆ ಅನ್ನುವುದು ಅವನಿಗೆ ಚೆನ್ನಾಗಿ ಗೊತ್ತು. ಇನ್ನೇನು ಇಳಿದು ಹೋಗಬೇಕು, ಅಷ್ಟರಲ್ಲಿ ಬಾಗಿಲು ಮುಚ್ಚಿಕೊಳ್ಳುತ್ತದೆ. ತಾನೇ ಹೂಡಿದ ಸಂಚಿನೊಳಗೆ ತಾನೇ ಸಿಕ್ಕಿಬೀಳುತ್ತಾನೆ. ಲೆಕ್ಕಕ್ಕಿಲ್ಲದ ಒಬ್ಬ ಮನುಷ್ಯನ ತೂಕ ಜಾಸ್ತಿಯಾಗಿ ನೌಕೆ ದಾರಿ ತಪ್ಪುತ್ತದೆ. ಪೈಲಟ್‌ನಲ್ಲಿ ಉಲ್ಕೆಗಳಿಂದ ಸುಮ್ನೆ ಆಗಿದ್ದ ಅನಾಹುತಕ್ಕೆ ಈಗ ಒಬ್ಬ ಕಾರಣಪುರುಷ ಸಿಕ್ಕ. ಬರವಣಿಗೆಯ ಕಸುಬು ಅಂದರೆ ಇದು.

ಆದರೆ ಇಲ್ಲೇ ಒಂದು ಪೇಚು. ಇಂಥವನನ್ನು ಎಷ್ಟು ವಾರ ಇಟ್ಟುಕೊಳ್ಳಲು ಸಾಧ್ಯ? ಆ ನೌಕೆಯಲ್ಲಿ ಪೊಲೀಸ್ ಇಲ್ಲ, ಜೈಲಿಲ್ಲ, ಇಳಿಸಿ ಹೋಗಲು ಊರಿಲ್ಲ. ಕೊಲೆಗಾರ ಮತ್ತು ಮಕ್ಕಳು ಒಂದೇ ಮೇಜಿನಲ್ಲಿ ಊಟಕ್ಕೆ ಕೂರಬೇಕು. ಮೂರನೆಯ ವಾರಕ್ಕೆ ನೋಡುವವರು ಕೇಳುತ್ತಾರೆ, ಈ ಅಪ್ಪನಿಗೆ ಬುದ್ಧಿ ಇಲ್ವಾ ಅಂತ. ಅಪ್ಪ ದಡ್ಡನಾಗಬಾರದು ಅಂದರೆ ಸ್ಮಿತ್ ಸಾಯಬೇಕು. ಶುರುವಿನಲ್ಲಿ ಯೋಜನೆ ಇದ್ದಿದ್ದೂ ಹಾಗೇ. ಕೆಲವು ಕಂತು ಕಾಟ ಕೊಟ್ಟು ಅವನು ಕಥೆಯಿಂದ ಹೊರಗೆ ಹೋಗಬೇಕಿತ್ತು.

ಇದನ್ನು ಎಲ್ಲರಿಗಿಂತ ಮೊದಲು ಅರ್ಥ ಮಾಡಿಕೊಂಡವರು ಆ ಪಾತ್ರ ಮಾಡಿದ ಜೋನಾಥನ್ ಹ್ಯಾರಿಸ್. ಆಗ ಅವರಿಗೆ 50 ವರ್ಷ. ರಂಗಭೂಮಿಯಲ್ಲಿ, ಟೀವಿಯಲ್ಲಿ ಸಾಕಷ್ಟು ನೀರು ಕುಡಿದಿದ್ದ ಮನುಷ್ಯ. 'ದಿ ಥರ್ಡ್ ಮ್ಯಾನ್' ಧಾರಾವಾಹಿಯಲ್ಲಿ ಮೈಕೆಲ್ ರೆನ್ನಿ ಜೊತೆ ವರ್ಷಗಟ್ಟಲೆ ಪಾತ್ರ ಮಾಡಿದ್ದರು. ತಂಡಕ್ಕೆ ಸೇರಿದ್ದು ಎಲ್ಲರಿಗಿಂತ ಕೊನೆಗೆ. ಅಷ್ಟು ಹೊತ್ತಿಗೆ ಟೈಟಲ್ ಕಾರ್ಡಿನಲ್ಲಿ ಯಾರ ಹೆಸರು ಎಲ್ಲಿ ಅನ್ನುವುದೆಲ್ಲ ಬೇರೆಯವರ ಕರಾರಿನಲ್ಲಿ ತೀರ್ಮಾನವಾಗಿತ್ತು. ಉಳಿದದ್ದು ಕೊನೆಯ ಜಾಗ. ಹಾಗಾದರೆ ನನ್ನ ಹೆಸರಿನ ಜೊತೆ 'ಸ್ಪೆಷಲ್ ಗೆಸ್ಟ್ ಸ್ಟಾರ್' ಅಂತ ಹಾಕಿ ಎಂದರು. ಹಾಕಿದರು. ಮೂರು ಸೀಸನ್ ಮುಗಿಯುವವರೆಗೂ ಅದೇ ಹಾಕಿದರು. ಅತಿಥಿ ಅಂತ ಬಂದವರು ಮನೆಯ ಯಜಮಾನಿಕೆಯನ್ನೇ ವಹಿಸಿಕೊಂಡರು!

ಹೇಗೆ? ಹ್ಯಾರಿಸ್ ಮುಂದೆ ಸಂದರ್ಶನಗಳಲ್ಲಿ ಹೇಳುತ್ತಿದ್ದ ಪ್ರಕಾರ, ಅವರಿಗೆ ಆ ಕಡು ದುಷ್ಟ ಪಾತ್ರ ಬೇಗ ಬೇಜಾರಾಯಿತು. ಹೀಗೇ ಮಾಡುತ್ತಿದ್ದರೆ ಕೆಲಸ ಹೋಗುತ್ತದೆ ಅನ್ನುವುದೂ ಹೊಳೆಯಿತು. ಹಾಗಾಗಿ ಕದ್ದುಮುಚ್ಚಿ ಸ್ವಲ್ಪ ಸ್ವಲ್ಪ ಹಾಸ್ಯ ಸೇರಿಸತೊಡಗಿದರು. ಇಲ್ಲೊಂದು ಹುಬ್ಬು ಹಾರಿಸುವುದು, ಅಲ್ಲೊಂದು ನಿಟ್ಟುಸಿರು, ಅಪಾಯ ಬಂದಾಗ ಚಿಕ್ಕ ಹುಡುಗನ ಹಿಂದೆ ಅವಿತುಕೊಳ್ಳುವುದು. ಒಂದು ದಿನ ಅರ್ವಿನ್ ಆಲೆನ್ ಬಂದು, ನೀವು ಏನು ಮಾಡುತ್ತಿದ್ದೀರಿ ಅಂತ ನನಗೆ ಗೊತ್ತು ಎಂದರಂತೆ. ಬೈಗುಳ ಬಂತು ಅಂದುಕೊಂಡರೆ, ಇನ್ನೂ ಜಾಸ್ತಿ ಮಾಡಿ ಅಂದರಂತೆ. ನಟರು ತಮ್ಮ ಬಗ್ಗೆ ಹೇಳಿಕೊಳ್ಳುವ ಕಥೆಗೆ ಸ್ವಲ್ಪ ಬಣ್ಣ ಇದ್ದೇ ಇರುತ್ತದೆ. ಆದರೆ ಪರದೆಯ ಮೇಲೆ ಆ ಬದಲಾವಣೆ ಕಣ್ಣಿಗೆ ಕಾಣುತ್ತದೆ. ಮೊದಲ ಸೀಸನ್ ಅನ್ನು ವರಸೆಯಾಗಿ ನೋಡುತ್ತಾ ಹೋದರೆ ನೆಟ್ಟಗಿದ್ದ ಬೆನ್ನು ಬಾಗುತ್ತದೆ, ಕೈಗಳು ಗಾಳಿಯಲ್ಲಿ ಆಡಲು ಶುರು ಮಾಡುತ್ತವೆ, ದನಿ ಏರಿಳಿಯುತ್ತದೆ.

ಅವರು ತಮ್ಮ ಮಾತುಗಳನ್ನು ತಾವೇ ತಿದ್ದಿ ಬರೆಯುತ್ತಿದ್ದರು. ರೋಬೋಟ್‌ಗೆ ಬೈಯುವ ಬೈಗುಳಗಳಂತೂ ಪ್ರಸಿದ್ಧ. 'ಬಬಲ್ ಹೆಡೆಡ್ ಬೂಬಿ', 'ನಿಕಲ್ ಪ್ಲೇಟೆಡ್ ನಿಂಕಂಪೂಪ್'. ಪ್ರಾಸ ತಪ್ಪುವ ಹಾಗೇ ಇಲ್ಲ. ರಾತ್ರಿ ಹಾಸಿಗೆಯಲ್ಲಿ ಎಚ್ಚರವಾಗಿದ್ದು ಇವನ್ನು ಹೊಸೆಯುತ್ತಿದ್ದೆ ಅಂತ ಹೇಳಿಕೊಂಡಿದ್ದಾರೆ. ಕೆಲಸ ಅಂದ ತಕ್ಷಣ ಬೆನ್ನು ಹಿಡಿದುಕೊಂಡು 'ಓ, ದ ಪೇನ್, ದ ಪೇನ್' ಅನ್ನುವುದು ಇನ್ನೊಂದು. ಎದುರಿಗೆ ನಿಂತು ಬೈಸಿಕೊಳ್ಳುತ್ತಿದ್ದ ರೋಬೋಟ್ ಒಳಗೆ ಬಾಬ್ ಮೇ ಎಂಬ ನಟ ಇದ್ದರು. ಸೆಟ್‌ನಲ್ಲಿ ಅವರೂ ಡೈಲಾಗ್ ಹೇಳುತ್ತಿದ್ದರು. ನಾವು ಕೇಳುವ ಗಡಸು ದನಿ ಮಾತ್ರ ಡಿಕ್ ಟ್ಯೂಫೆಲ್ಡ್ ಅವರದು, ಆಮೇಲೆ ಸೇರಿಸಿದ್ದು. ಅಷ್ಟು ತಗಡಿನ ಮುಂದೆ, ಮುಖವೇ ಇಲ್ಲದ ಎದುರಾಳಿಯ ಮುಂದೆ, ಜಗಳದ ಕಾವು ಕೆಡದಂತೆ ಮಾತಾಡುವುದು ಸುಲಭ ಅಂದುಕೊಳ್ಳಬೇಡಿ.

ಈಗ ಹ್ಯಾರಿಸ್ ಅವರ ದನಿಯ ಬಗ್ಗೆ ಹೇಳಬೇಕು. ಅದನ್ನು ಕೇಳಿದವರೆಲ್ಲ ಇವರು ಇಂಗ್ಲೆಂಡಿನವರು, ದೊಡ್ಡ ಮನೆತನದವರು ಅಂದುಕೊಳ್ಳುತ್ತಿದ್ದರು. ಅವರು ಹುಟ್ಟಿದ್ದು 1914ರಲ್ಲಿ, ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ. ರಷ್ಯಾದಿಂದ ವಲಸೆ ಬಂದ ಯೆಹೂದಿ ಕುಟುಂಬ. ಹುಟ್ಟು ಹೆಸರು ಜೋನಾಥನ್ ಚರಾಸುಚಿನ್. ಮನೆಯಲ್ಲಿ ಬಡತನ. ಹುಡುಗನಾಗಿದ್ದಾಗಲೇ ಔಷಧಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದರು, ಫೋರ್ಡಮ್ ವಿಶ್ವವಿದ್ಯಾಲಯದಲ್ಲಿ ಓದಿದ್ದೂ ಔಷಧ ಶಾಸ್ತ್ರವನ್ನೇ. ಆದರೆ ಮನಸ್ಸೆಲ್ಲ ನಾಟಕದ ಮೇಲೆ. ಬ್ರಾಂಕ್ಸ್‌ನ ಮಾತಿನ ಧಾಟಿ ಇಟ್ಟುಕೊಂಡು ದೊಡ್ಡ ಪಾತ್ರ ಸಿಗುವುದಿಲ್ಲ ಅಂತ ಗೊತ್ತಾದಾಗ, ಥಿಯೇಟರ್‌ನಲ್ಲಿ ಕೂತು ಬ್ರಿಟಿಷ್ ಸಿನಿಮಾ ನೋಡಿ ನೋಡಿ ತಮ್ಮ ಮಾತನ್ನೇ ಹೊಸದಾಗಿ ಕಟ್ಟಿಕೊಂಡರು. ನೀವು ಬ್ರಿಟಿಷರಾ ಅಂತ ಕೇಳಿದರೆ, ಅಲ್ಲ, ಸುಮ್ನೆ ಬಿಂಕ ಅಷ್ಟೇ ಅನ್ನುತ್ತಿದ್ದರು.

ನನಗೆ ಸ್ಮಿತ್ ಪಾತ್ರದ ಬೀಗದ ಕೈ ಇಲ್ಲಿದೆ ಅನ್ನಿಸುತ್ತದೆ. ಸ್ಮಿತ್ ಹತ್ತಿರ ಇರುವುದು ಠೀವಿ ಮಾತ್ರ. ಸೇನೆಯ ಹುದ್ದೆ ಹೋಯಿತು, ಅವನನ್ನು ಕಳಿಸಿದ ಯಜಮಾನರು ಕೈಬಿಟ್ಟರು, ಡಾಕ್ಟರ್ ಪದವಿಗೆ ಆ ಮರಳುಗಾಡಿನಲ್ಲಿ ಬೆಲೆ ಇಲ್ಲ. ಉಳಿದದ್ದು ಮಾತಿನ ಗತ್ತು, ಎತ್ತಿದ ಗದ್ದ, ಕೈಯ ಬೀಸು. ಬಟ್ಟೆ ಕೊಳೆಯಾಗಿದ್ದರೂ ಕಾಲರ್ ಸರಿ ಮಾಡಿಕೊಳ್ಳುವ ಮನುಷ್ಯ. ಹಾಗೆ ಬರೀ ಠೀವಿಯಿಂದ ತಮ್ಮನ್ನು ಕಟ್ಟಿಕೊಂಡ ಬ್ರಾಂಕ್ಸ್ ಹುಡುಗನಿಗೆ ಈ ಪಾತ್ರ ಒಳಗಿನಿಂದ ಗೊತ್ತಿತ್ತು. ಠೀವಿ ಎಲ್ಲಿ ಬಿರುಕು ಬಿಡುತ್ತದೆ, ಬಿರುಕು ಬಿಟ್ಟಾಗ ಎಷ್ಟು ನಗು ಬರುತ್ತದೆ ಅನ್ನುವುದೂ ಗೊತ್ತಿತ್ತು.

ಆರಂಭದ ಒಂದು ಕಂತಿನಲ್ಲಿ ಇದಕ್ಕೆ ಸೊಗಸಾದ ಒಂದು ಪ್ರಸಂಗ ಇದೆ. ಸ್ಮಿತ್ ಇನ್ನೂ ಅಪಾಯಕಾರಿಯಾಗಿದ್ದ ದಿನಗಳು. ರೋಬೋಟ್ ತನ್ನ ದನಿಗೆ ಮಾತ್ರ ಬಗ್ಗುವ ಹಾಗೆ ಮಾಡಿಟ್ಟಿರುತ್ತಾನೆ. ಅದು ವಿಲ್ ಮೇಲೆ ಏರಿ ಬರುತ್ತದೆ. ಹುಡುಗ ಏನು ಹೇಳಿದರೂ ಕೇಳುವುದಿಲ್ಲ. ಆಗ ಅವನು ಗಂಟಲು ಬದಲಿಸಿ, ಥೇಟ್ ಸ್ಮಿತ್ ಹಾಗೆ ರಾಗವಾಗಿ ಆಜ್ಞೆ ಮಾಡುತ್ತಾನೆ. ರೋಬೋಟ್ ನಿಲ್ಲುತ್ತದೆ. ಸ್ಮಿತ್‌ನ ಅಧಿಕಾರ ಅಂದರೆ ಒಂದು ಚಿಕ್ಕ ಹುಡುಗ ಅಣಕ ಮಾಡಬಹುದಾದಷ್ಟು! ನನ್ನ ಪ್ರಕಾರ ಪಾತ್ರ ಹಾಸ್ಯಕ್ಕೆ ತಿರುಗುವುದು ಆ ಕ್ಷಣದಲ್ಲೇ. ಬರೆದವರಿಗೆ ಆಗ ಅದು ಗೊತ್ತಿತ್ತೋ ಇಲ್ಲವೋ.

ಇಲ್ಲಿ ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು: "ಹಾಸ್ಯಗಾರ ಆದಮೇಲೆ ಅವನು ಖಳ ಹೇಗಾಗುತ್ತಾನೆ ಸಾರ್?"

ಒಳ್ಳೆ ಪ್ರಶ್ನೆ. ಎಂಟನೆಯ ಕಂತು ನೋಡಿ, 'ಇನ್ವೇಡರ್ಸ್ ಫ್ರಮ್ ದ ಫಿಫ್ತ್ ಡೈಮೆನ್ಷನ್'. ಬಾಯಿಯೇ ಇಲ್ಲದ ಅನ್ಯಗ್ರಹದವರು ಬರುತ್ತಾರೆ. ಅವರ ನೌಕೆಯ ಕಂಪ್ಯೂಟರ್‌ಗೆ ಒಂದು ಮೆದುಳು ಬೇಕಾಗಿದೆ. ಸ್ಮಿತ್ ಸಿಕ್ಕಿಬೀಳುತ್ತಾನೆ. ಇವನದ್ದನ್ನೇ ತೆಗೆಯೋಣ ಅಂತ ಅವರು ಹೊರಡುತ್ತಾರೆ. ಆಗ ಸ್ಮಿತ್ ಚೌಕಾಸಿಗೆ ಇಳಿಯುತ್ತಾನೆ. ನನಗಿಂತ ಚೆನ್ನಾದ ಮೆದುಳು ಒಂದಿದೆ, ಎಳೆಯದು, ಚುರುಕಾದದ್ದು, ನಾನೇ ತಂದುಕೊಡುತ್ತೇನೆ. ಯಾರದು? ವಿಲ್‌ದು. ದಿನಾ ತನ್ನ ಜೊತೆ ಚೆಸ್ ಆಡುವ, ತನ್ನನ್ನು ನಂಬುವ ಹುಡುಗನದು. ಆಮೇಲೆ ಸಿಹಿ ಮಾತಾಡಿ ಹುಡುಗನನ್ನು ಕರೆದುಕೊಂಡೂ ಹೋಗುತ್ತಾನೆ.

ಮೊದಲ ಕಂತಿನ ಕರ್ನಲ್ ಒಂದು ಕಾರಣಕ್ಕಾಗಿ ಕೊಲ್ಲಲು ಹೊರಟವನು. ಈ ಸ್ಮಿತ್‌ಗೆ ಯಾರ ಮೇಲೂ ದ್ವೇಷ ಇಲ್ಲ. ವಿಲ್ ಅಂದರೆ ಪ್ರೀತಿ ಕೂಡ ಇದೆ. ಆದರೆ ತನ್ನ ಚರ್ಮ ಉಳಿಯುತ್ತದೆ ಅಂದರೆ ಆ ಪ್ರೀತಿಯನ್ನೂ ಮಾರುತ್ತಾನೆ, ಮಾರಿದ ಮೇಲೆ ಕಣ್ಣೀರು ಹಾಕುತ್ತಾನೆ, ಮರುದಿನ ಬೆಳಿಗ್ಗೆ ತಿಂಡಿ ಯಾಕೆ ತಡ ಅಂತ ಕೇಳುತ್ತಾನೆ. ನಿಜ ಹೇಳಬೇಕೆಂದರೆ ನನಗೆ ಭಯ ಆಗುವುದು ಇವನನ್ನು ಕಂಡರೆ. ಗ್ರಹ ಸುಡುವವರು ನಮ್ಮ ಓಣಿಯಲ್ಲಿ ಸಿಗುವುದಿಲ್ಲ. ಇಂಥವರು ಸಿಗುತ್ತಾರೆ, ಅಲ್ವಾ?

ಮತ್ತೆ ರಾಬಿನ್ಸನ್‌ಗಳು ಯಾಕೆ ಅವನನ್ನು ಹೊರಗೆ ಹಾಕಲಿಲ್ಲ ಅನ್ನುವ ಪ್ರಶ್ನೆ ಹಾಗೇ ಉಳಿಯುತ್ತದೆ. ಮೇಜರ್ ವೆಸ್ಟ್ ಅಂತೂ ಪ್ರತಿ ವಾರ ಹಲ್ಲು ಕಡಿಯುತ್ತಾನೆ. ಕಥೆಯೊಳಗಿನ ಉತ್ತರ ವಿಲ್. ಪ್ರತಿ ಸಲವೂ ಕ್ಷಮಿಸುವವನು ಅವನೇ. ಆ ಪಾತ್ರ ಮಾಡಿದ ಬಿಲ್ ಮ್ಯೂಮಿ ಆಗ ಹನ್ನೊಂದು ವರ್ಷದ ಹುಡುಗ. ಹ್ಯಾರಿಸ್ ಪಕ್ಕದಲ್ಲಿ ಅವನು ಒಂಚೂರೂ ಅತಿ ಮಾಡುವುದಿಲ್ಲ, ಗಂಭೀರವಾಗಿ ಕೇಳಿಸಿಕೊಳ್ಳುತ್ತಾನೆ. ಇವರು ಎಷ್ಟು ಕುಣಿದರೂ ಆ ಹುಡುಗನ ನಂಬಿಕೆಯ ಮುಖ ದೃಶ್ಯವನ್ನು ಹಿಡಿದು ನಿಲ್ಲಿಸುತ್ತದೆ. ಆ ಹುಡುಗ ಇಲ್ಲದಿದ್ದರೆ ಸ್ಮಿತ್ ಬರೀ ಕೂಗಾಟ ಆಗುತ್ತಿದ್ದ.

ಆಗಲೂ ಆಯಿತು ಅನ್ನಿ. ಎರಡನೆಯ ಸೀಸನ್ ಬಗ್ಗೆ ನನಗೆ ಅಷ್ಟು ಒಲವಿಲ್ಲ. 1966ರ ಜನವರಿಯಲ್ಲಿ ಎಬಿಸಿ ಚಾನೆಲ್ ಅದೇ ಬುಧವಾರ ರಾತ್ರಿ ಏಳೂವರೆಗೆ 'ಬ್ಯಾಟ್‌ಮನ್' ಹಾಕಿತು. ಬಣ್ಣ ಬಣ್ಣದ ಬಟ್ಟೆ, ವೇಷ ಹಾಕಿದ ಖಳರು, ಮನೆಮಂದಿಯೆಲ್ಲ ನಗುವ ಹುಚ್ಚಾಟ. ಇವರೂ ಅದೇ ದಾರಿ ಹಿಡಿದರು. ಕಲರ್ ಬಂದ ಮೇಲೆ ವಾರಕ್ಕೊಬ್ಬ ವಿಚಿತ್ರ ವೇಷದ ಅತಿಥಿ, ಅವನ ಜೊತೆ ಸ್ಮಿತ್ ವ್ಯವಹಾರ, ಸ್ಮಿತ್ ಎಡವಟ್ಟು, ವಿಲ್ ಮತ್ತು ರೋಬೋಟ್ ಸೇರಿ ಬಿಡಿಸುವುದು. ಉಳಿದವರಿಗೆ ನಿಂತು ನೋಡುವ ಕೆಲಸ. ಅಪ್ಪನ ಪಾತ್ರದ ಗೈ ವಿಲಿಯಮ್ಸ್ ಅದಕ್ಕೆ ಮುಂಚೆ 'ಜೋರೋ' ಆಗಿ ಮನೆಮಾತಾಗಿದ್ದ ನಟ. ನಾಯಕ ಅಂತ ಕರೆಸಿಕೊಂಡು ಬಂದವರು ಪಕ್ಕಕ್ಕೆ ಸರಿದರು. ಅವರಿಗೆ ಬೇಸರವಾಗಿದ್ದು ಸಹಜ. ಅಮ್ಮನ ಪಾತ್ರದ ಜೂನ್ ಲಾಕ್‌ಹಾರ್ಟ್, ಮೇಜರ್ ಪಾತ್ರದ ಮಾರ್ಕ್ ಗಾಡರ್ಡ್, ಹೆಣ್ಣುಮಕ್ಕಳ ಪಾತ್ರದ ಇಬ್ಬರು, ಎಲ್ಲರದ್ದೂ ಅದೇ ಕಥೆ. ಹ್ಯಾರಿಸ್ ತಮ್ಮ ಪಾತ್ರದ ಜೀವ ಉಳಿಸಿಕೊಂಡರು, ಬೆಲೆ ತೆತ್ತವರು ಉಳಿದವರು. ಅಭಿಮಾನಿಗಳು ಇದನ್ನು ಸುಲಭವಾಗಿ ಮರೆಯುತ್ತಾರೆ.

ಇದರ ತುತ್ತ ತುದಿ ಅಂದರೆ 1968ರ ಫೆಬ್ರುವರಿಯಲ್ಲಿ ಬಂದ 'ದ ಗ್ರೇಟ್ ವೆಜಿಟೆಬಲ್ ರೆಬೆಲಿಯನ್'. ತರಕಾರಿಗಳ ಗ್ರಹ. ಸ್ಮಿತ್ ಅಲ್ಲಿ ಹೂ ಕೀಳುತ್ತಾನೆ, ಅದೇ ಅಪರಾಧ. ಅಲ್ಲಿನ ದೊರೆ ಟೈಬೋ, ಆಳೆತ್ತರದ ಕ್ಯಾರೆಟ್. ಸ್ಟ್ಯಾನ್ಲಿ ಆಡಮ್ಸ್ ಎಂಬ ನಟ ಕಿತ್ತಳೆ ಬಣ್ಣದ ಕ್ಯಾರೆಟ್ ವೇಷದೊಳಗೆ ನಿಂತು, ಗಿಡಗಳ ನೋವಿನ ಬಗ್ಗೆ ಮನಮಿಡಿಯುವಂತೆ ಮಾತಾಡುತ್ತಾರೆ. ಸ್ಮಿತ್ ನಿಧಾನವಾಗಿ ಸೆಲರಿ ಗಿಡ ಆಗತೊಡಗುತ್ತಾನೆ. ಈ ದೃಶ್ಯಗಳಲ್ಲಿ ಗೈ ವಿಲಿಯಮ್ಸ್ ಮತ್ತು ಲಾಕ್‌ಹಾರ್ಟ್‌ಗೆ ನಗು ತಡೆಯಲಾಗಲಿಲ್ಲ. ಆ ತಪ್ಪಿಗೆ ಮುಂದೆ ಕೆಲವು ಕಂತುಗಳಿಂದ ತಮ್ಮನ್ನು ಕೈಬಿಟ್ಟರು ಅಂತ ಲಾಕ್‌ಹಾರ್ಟ್ ನೆನಪಿಸಿಕೊಂಡಿದ್ದಾರೆ. ನೋಡಿದರೆ ಗೊತ್ತಾಗುತ್ತದೆ, ವಿಲಿಯಮ್ಸ್ ತುಟಿ ಕಚ್ಚಿಕೊಂಡು ಮುಖ ಬೇರೆ ಕಡೆ ತಿರುಗಿಸುತ್ತಾರೆ. ಹ್ಯಾರಿಸ್ ಮಾತ್ರ, ತಲೆಯಲ್ಲಿ ಸೊಪ್ಪು ಬೆಳೆದಿದ್ದರೂ, ದೊಡ್ಡ ದುರಂತ ನಾಟಕ ಆಡುತ್ತಿರುವ ಹಾಗೆ ನಿಂತಿದ್ದಾರೆ. ಆ ಶ್ರದ್ಧೆಗೆ ಒಂದು ಕೈ ಮುಗಿಯಬೇಕು.

ಇನ್ನೊಂದು ಮಾತು ಹೇಳಿಬಿಡುತ್ತೇನೆ. ಇವತ್ತು ಸ್ಮಿತ್‌ನನ್ನು ನೋಡುವವರಿಗೆ ಕಸಿವಿಸಿ ಆಗುವುದುಂಟು. ನಾಜೂಕಾಗಿ ಕೈ ಆಡಿಸುವ, ಬಳುಕಿ ಮಾತಾಡುವ ಗಂಡಸನ್ನೇ ಹೇಡಿ, ಮೋಸಗಾರ ಅಂತ ತೋರಿಸುವುದು ಹಾಲಿವುಡ್‌ನ ಹಳೆಯ ಚಾಳಿ. ಆ ಆಕ್ಷೇಪಣೆ ಸರಿಯಾಗೇ ಇದೆ. ಆದರೆ ಸ್ಮಿತ್ ವಿಷಯದಲ್ಲಿ ಇನ್ನೊಂದು ಪಕ್ಕವೂ ಇದೆ. ಸುತ್ತ ಇರುವ ಗಟ್ಟಿಮುಟ್ಟು ಗಂಡಸರೆಲ್ಲ ಸಪ್ಪೆ, ಇವನೊಬ್ಬನೇ ಮಜಾ. ತಾವು ಉಳಿದವರ ಹಾಗಿಲ್ಲ ಅನ್ನಿಸುತ್ತಿದ್ದ ಎಷ್ಟೋ ಹುಡುಗರು ಇವನನ್ನು ಇಷ್ಟಪಟ್ಟು ನೋಡಿದ್ದಾರೆ. ಎರಡೂ ನಿಜ. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಡಲು ನನಗಿಷ್ಟವಿಲ್ಲ.

ಧಾರಾವಾಹಿ ನಿಂತ ಮೇಲೆ ಹ್ಯಾರಿಸ್ ಹೊಟ್ಟೆಪಾಡಿಗೆ ನಿಂತದ್ದು ಹೆಚ್ಚಾಗಿ ಆ ದನಿಯೇ. 1978ರ 'ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ'ದಲ್ಲಿ ಲೂಸಿಫರ್ ಎಂಬ ಯಂತ್ರಕ್ಕೆ ದನಿ ಕೊಟ್ಟರು. ಜನ್ಮವಿಡೀ ರೋಬೋಟ್‌ಗೆ ಬೈದವರು ತಾವೇ ರೋಬೋಟ್ ಆದರು! 'ಎ ಬಗ್ಸ್ ಲೈಫ್'ನಲ್ಲಿ ಮಾಯಾಜಾಲದ ಮ್ಯಾಂಟಿಸ್ ಹುಳು ಮ್ಯಾನಿ, 'ಟಾಯ್ ಸ್ಟೋರಿ 2'ರಲ್ಲಿ ಗೊಂಬೆ ರಿಪೇರಿ ಮಾಡುವ ಮುದುಕ ಜೆರಿ, ಎರಡೂ ಅವರ ದನಿಯೇ. ನಿಮ್ಮ ಮಕ್ಕಳು ಸ್ಮಿತ್ ದನಿಯನ್ನು ಗೊತ್ತಿಲ್ಲದೇ ಕೇಳಿರುತ್ತಾರೆ. 1998ರಲ್ಲಿ 'ಲಾಸ್ಟ್ ಇನ್ ಸ್ಪೇಸ್' ಸಿನಿಮಾ ಆದಾಗ ಹಳೆಯ ನಟರಲ್ಲಿ ಹಲವರು ಚಿಕ್ಕ ಚಿಕ್ಕ ಪಾತ್ರ ಮಾಡಿದರು. ಹ್ಯಾರಿಸ್ ಒಪ್ಪಲಿಲ್ಲ. ಮಾಡಿದರೆ ಸ್ಮಿತ್, ಇಲ್ಲದಿದ್ದರೆ ಇಲ್ಲ ಎಂದರು. ಸ್ಮಿತ್ ಪಾತ್ರ ಗ್ಯಾರಿ ಓಲ್ಡ್‌ಮನ್ ಪಾಲಾಗಿತ್ತು. ಓಲ್ಡ್‌ಮನ್ ದೊಡ್ಡ ನಟ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಸಿನಿಮಾದ ಸ್ಮಿತ್ ಮತ್ತೆ ಮೊದಲ ಕಂತಿನ ಕರ್ನಲ್‌ನಂಥವನೇ, ಕಡು ಖಳ. ಮುವ್ವತ್ತು ವರ್ಷದ ಹಿಂದೆ ಹ್ಯಾರಿಸ್ ಯಾವ ಪೇಚಿನಿಂದ ತಪ್ಪಿಸಿಕೊಂಡಿದ್ದರೋ ಅದರೊಳಗೇ ಅವನನ್ನು ವಾಪಸ್ ಕೂರಿಸಿದ್ದರು. ಹ್ಯಾರಿಸ್ 2002ರ ನವೆಂಬರ್ 3ರಂದು ತೀರಿಕೊಂಡರು. 88 ತುಂಬಲು ಮೂರು ದಿನ ಇತ್ತು.

2018ರಲ್ಲಿ ನೆಟ್‌ಫ್ಲಿಕ್ಸ್ ಇದನ್ನೇ ಹೊಸದಾಗಿ ಮಾಡಿತು. ನಿಮ್ಮಲ್ಲಿ ಕೆಲವರು ನೋಡಿರಬಹುದು. ಅಲ್ಲಿ ಸ್ಮಿತ್ ಒಬ್ಬ ಹೆಂಗಸು, ಪಾರ್ಕರ್ ಪೋಸಿ. ಅವಳು ಮಾಡುವ ಮೊದಲ ಕೆಲಸಗಳಲ್ಲಿ ಒಂದು, ಗಾಯಗೊಂಡು ಬಿದ್ದಿರುವ ಒಬ್ಬ ಡಾಕ್ಟರ್‌ನ ಕೋಟು ಮತ್ತು ಗುರುತನ್ನು ಕದಿಯುವುದು. ಆ ಕದಿಸಿಕೊಂಡ, ಅಸಲಿ ಜಾಕರಿ ಸ್ಮಿತ್ ಯಾರು ಗೊತ್ತಾ? ಬಿಲ್ ಮ್ಯೂಮಿ! ಅವಳ ನಿಜವಾದ ಹೆಸರು ಜೂನ್ ಹ್ಯಾರಿಸ್ ಅಂತ ಆಮೇಲೆ ಗೊತ್ತಾಗುತ್ತದೆ. ಜೂನ್ ಲಾಕ್‌ಹಾರ್ಟ್ ಅವರ ಜೂನ್, ಜೋನಾಥನ್ ಅವರ ಹ್ಯಾರಿಸ್. ಅವಳು ಕಿರುಚುವುದಿಲ್ಲ, ಪ್ರಾಸ ಹಾಕಿ ಬೈಯುವುದಿಲ್ಲ. ಆದರೆ ಪ್ರತಿ ಸಲ ಯಾರನ್ನು ಮಾರಿದರೆ ತಾನು ಉಳಿಯುತ್ತೇನೆ ಅಂತ ಲೆಕ್ಕ ಹಾಕುವ ಅದೇ ಕಣ್ಣು ಇದೆ. ಬರೆದವರು ಹಳೆಯದನ್ನು ಸರಿಯಾಗಿ ಓದಿಕೊಂಡಿದ್ದಾರೆ.

ಕೊನೆಗೆ ಒಬ್ಬ ಹುಡುಗಿ ಕೇಳಿದಳು, 83 ಕಂತು ನೋಡಲು ಟೈಮಿಲ್ಲ, ಎಲ್ಲಿಂದ ಶುರು ಮಾಡಲಿ ಅಂತ. ಮೊದಲನೆಯದು ನೋಡಮ್ಮ, ಆಮೇಲೆ ಎಂಟನೆಯದು. ಮೈಕೆಲ್ ರೆನ್ನಿ ಅತಿಥಿಯಾಗಿ ಬರುವ 'ದ ಕೀಪರ್' ಎರಡು ಭಾಗವೂ ಚೆನ್ನಾಗಿದೆ, ಹಳೆಯ ಜೊತೆಗಾರರು ಎದುರುಬದುರು ನಿಂತಾಗ ಹ್ಯಾರಿಸ್ ಎಷ್ಟು ಖುಷಿಯಾಗಿ ಆಡುತ್ತಾರೆ ನೋಡು. ಎರಡನೆಯ ಸೀಸನ್ ಬಿಟ್ಟರೂ ನಷ್ಟವಿಲ್ಲ. ಕ್ಯಾರೆಟ್‌ನದ್ದು ಮಾತ್ರ ಒಬ್ಬಳೇ ನೋಡಬೇಡ, ಮನೆಯಲ್ಲಿ ನಾಲ್ಕು ಜನ ಇದ್ದಾಗ ಹಾಕು.